ಅಡ್ಡಹೆಸರಿನಲ್ಲಿ ಅಡಗಿದ ಊರುಗಳು

ಬೈಲಹೊಂಗಲದಲ್ಲಿ ನಿಂತು ‘ಬೈಲಹೊಂಗಲ’ ಎಂಬ ಅಡ್ಡಹೆಸರಿನವರ ಮನೆ ಯಾವುದೆಂದು ಕೇಳಿದರೆ ಜನ ನಗುತ್ತಾರೆ. ಇಡೀ ಊರಿಗೆ ಊರೇ ಬೈಲಹೊಂಗಲದ್ದು, ಅದನ್ನೇ ಹೆಸರಾಗಿ ಇಟ್ಟುಕೊಂಡು ಏನು ಪ್ರಯೋಜನ? ಆ ಅಡ್ಡಹೆಸರಿನವರು ಸಿಗುವುದು ಹುಬ್ಬಳ್ಳಿಯಲ್ಲಿ, ಧಾರವಾಡದಲ್ಲಿ, ಬೆಳಗಾವಿಯಲ್ಲಿ. ಹಾಗೆಯೇ ‘ಕಿತ್ತೂರ’ ಮನೆತನದವರು ಕಿತ್ತೂರಿನಿಂದ ಹೊರಗೆ, ‘ಸವದತ್ತಿ’ ಮನೆತನದವರು ಸವದತ್ತಿಯಿಂದ ಹೊರಗೆ, ‘ರಾಮದುರ್ಗ’ದವರು ರಾಮದುರ್ಗದಿಂದ ಹೊರಗೆ ಇರುವುದೇ ಹೆಚ್ಚು. ಊರಿನಲ್ಲಿ ಇರುವತನಕ ಊರಿನ ಹೆಸರು ಯಾರಿಗೂ ಅಂಟುವುದಿಲ್ಲ. ಊರು ಬಿಟ್ಟು ಹೋದ ಮೇಲೆ, ಹೊಸ ಊರಿನ ಜನ ‘ಆ ಕಿತ್ತೂರಿನವರು’ ಎಂದು ಕರೆಯತೊಡಗಿದ ಮೇಲೆ, ಮೂಲ ಊರು ಹೆಸರಿನ ಬಾಲವಾಗುತ್ತದೆ.

ಉತ್ತರ ಕರ್ನಾಟಕದ ಶಾಲೆಯೊಂದರ ಹಾಜರಿ ಪುಸ್ತಕವನ್ನು ಈ ದೃಷ್ಟಿಯಿಂದ ನೋಡಿದರೆ ಅದು ವಲಸೆಯ ನಕಾಶೆಯಂತೆ ಕಾಣುತ್ತದೆ. ಮುನವಳ್ಳಿ, ಮುರಗೋಡ, ದೇಶನೂರ, ಗೋಕಾಕ, ಹಾನಗಲ್ಲ. ಇವೆಲ್ಲ ಊರುಗಳೂ ಹೌದು, ಮನೆತನಗಳೂ ಹೌದು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹೆಸರು ಒಂದು ಊರನ್ನು ಹೇಳುತ್ತದೆ, ಬದುಕು ಇನ್ನೊಂದು ಊರನ್ನು. ಈ ಎರಡರ ನಡುವೆ ಇರುವುದೇ ಒಂದು ಕುಟುಂಬ ನಡೆದ ದಾರಿ.

ಆ ದಾರಿಯನ್ನು ಹಿಂದಕ್ಕೆ ನಡೆದು ನೋಡಬೇಕೆನ್ನುವವರಿಗೆ ಬೆಳಗಾವಿ ಜಿಲ್ಲೆಯ ದಕ್ಷಿಣ ಮತ್ತು ಪೂರ್ವದ ಅಂಚಿನಲ್ಲಿರುವ ನಾಲ್ಕು ಊರುಗಳು ಒಳ್ಳೆಯ ಪಾಠಶಾಲೆ. ಕಿತ್ತೂರಿನಿಂದ ಬೈಲಹೊಂಗಲ, ಅಲ್ಲಿಂದ ಸವದತ್ತಿ, ಅಲ್ಲಿಂದ ರಾಮದುರ್ಗ. ಎಲ್ಲ ಸೇರಿ ನೂರು ಕಿಲೋಮೀಟರಿನ ಆಸುಪಾಸು. ಮಲೆನಾಡಿನ ಸೆರಗಿನಿಂದ ಹೊರಟ ಬಸ್ಸು ಎರೆ ಹೊಲಗಳನ್ನು ದಾಟಿ, ಕಲ್ಲುಗುಡ್ಡಗಳ ನಡುವೆ ಮಲಪ್ರಭೆಯ ದಂಡೆಗೆ ಬಂದು ಮುಟ್ಟುತ್ತದೆ.

ವಲಸೆ ಬಂದವರು ಕಟ್ಟಿದ ಕೋಟೆ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿ ಮತ್ತು ಧಾರವಾಡಗಳ ನಡುವೆ ಸಿಗುವ ಕಿತ್ತೂರಿಗೆ ಬರುವ ಶಾಲಾ ಮಕ್ಕಳು ಮೊದಲು ನೋಡುವುದು ಕೋಟೆಯ ಹಾಳುಗೋಡೆಗಳನ್ನು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ ಥ್ಯಾಕರೆ ಇಲ್ಲಿಯೇ ಸತ್ತದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಕಂಪನಿ ಸರಕಾರದ ಕೈಸೇರಿದ್ದು ಪಠ್ಯಪುಸ್ತಕದಲ್ಲಿ ಇದೆ. ಆದರೆ ಕಿತ್ತೂರಿನ ದೊರೆಗಳು ಕಿತ್ತೂರಿನವರೇ ಅಲ್ಲ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ.

ದೇಸಾಯಿ ಮನೆತನದ ಮೂಲಪುರುಷರಾದ ಹಿರೇಮಲ್ಲ ಮತ್ತು ಚಿಕ್ಕಮಲ್ಲ ಎಂಬ ಅಣ್ಣತಮ್ಮಂದಿರು ಮಲೆನಾಡಿನ ಸಾಗರದ ಕಡೆಯಿಂದ ಬಂದವರೆಂದು ಮನೆತನದ ಇತಿಹಾಸ ಹೇಳುತ್ತದೆ. 16ನೆಯ ಶತಮಾನದ ಕೊನೆಯಲ್ಲಿ ವಿಜಾಪುರದ ಸೈನ್ಯದ ಜೊತೆ ಈ ಸೀಮೆಗೆ ಬಂದು ಅವರು ನೆಲೆ ನಿಂತದ್ದು ಸಂಪಗಾವಿಯಲ್ಲಿ. ಕಿತ್ತೂರಿಗೆ ಗಾದಿ ಬಂದದ್ದು ಕೆಲವು ತಲೆಮಾರು ಕಳೆದ ಮೇಲೆ. ಅಂದರೆ ಸಾಗರ, ಸಂಪಗಾವಿ, ಕಿತ್ತೂರು ಎಂಬ ಮೂರು ಹೆಜ್ಜೆಗಳ ಕೊನೆಗೆ ಎದ್ದದ್ದು ಈ ಕೋಟೆ.

ಒಂದು ಸಂಸ್ಥಾನ ಬಂದು ನಿಂತರೆ ಅದರ ಹಿಂದೆ ಹತ್ತು ಕಸುಬಿನವರು ಬರುತ್ತಾರೆ. ಗಾದಿಗೆ ಬಟ್ಟೆ ನೇಯುವವರು ಬೇಕು, ಕುದುರೆಗೆ ಲಾಳ ಬಡಿಯುವವರು ಬೇಕು, ಒಡವೆಗೆ ಪತ್ತಾರ, ಬಾಗಿಲಿಗೆ ಬಡಿಗೇರ, ಜೀನಿಗೆ ಚರ್ಮ ಹೊಲಿಯುವವರು ಬೇಕು. ಗಾದಿ ಹೋದ ದಿನ ಇವರೆಲ್ಲರ ಗಿರಾಕಿ ಹೋದಂತೆ. ದರಬಾರಿನ ಮೇಲೆ ನಿಂತ ಕಸುಬಿಗೆ ಹೊಲದ ಆಸರೆ ಇರುವುದಿಲ್ಲ. ಯುದ್ಧದಲ್ಲಿ ಸತ್ತವರ ಲೆಕ್ಕವನ್ನು ಇತಿಹಾಸ ಇಡುತ್ತದೆ. ಯುದ್ಧ ಮುಗಿದ ಮೇಲೆ ಉಪಕರಣ ಗಂಟು ಕಟ್ಟಿಕೊಂಡು ಹೊರಟವರ ಲೆಕ್ಕ ಇರುವುದು, ಇದ್ದರೆ, ಅವರ ಅಡ್ಡಹೆಸರಿನಲ್ಲಿ ಮಾತ್ರ.

ಹೆಸರಿನಲ್ಲಿ ಉಳಿಯದ ದಾರಿ

ಕಿತ್ತೂರಿನಿಂದ ಈಶಾನ್ಯಕ್ಕೆ ಸುಮಾರು 25 ಕಿಲೋಮೀಟರು ಹೋದರೆ ಬೈಲಹೊಂಗಲ. ರಾಣಿ ಚೆನ್ನಮ್ಮನ ಸಮಾಧಿ ಇರುವುದು ಇಲ್ಲಿ. ಬೆಳಗಾವಿ ಹತ್ತಿರದ ಕಾಕತಿಯಲ್ಲಿ 1778ರಲ್ಲಿ ಹುಟ್ಟಿ, ಮದುವೆಯಾಗಿ ಕಿತ್ತೂರಿಗೆ ಬಂದು, ಸೆರೆಯಾಗಿ ಬೈಲಹೊಂಗಲಕ್ಕೆ ಬಂದು 1829ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದ ಆಕೆಯ ಬದುಕೂ ಮೂರು ಊರುಗಳ ಪಯಣವೇ. ಆದರೂ ಹೆಸರಿನ ಹಿಂದೆ ನಿಂತದ್ದು ಕಿತ್ತೂರು ಒಂದೇ. ಹುಟ್ಟಿದ ಊರೂ ಉಳಿಯಲಿಲ್ಲ, ಮಣ್ಣಾದ ಊರೂ ಉಳಿಯಲಿಲ್ಲ.

ಇದು ರಾಣಿಯೊಬ್ಬಳ ಮಾತಲ್ಲ. ಈ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚು ಊರು ಬಿಟ್ಟವರು ಹೆಣ್ಣುಮಕ್ಕಳು. ತವರಿನಿಂದ ಗಂಡನ ಮನೆಗೆ ಹೋಗುವ ಈ ವಲಸೆ ಪ್ರತಿ ಮನೆಯಲ್ಲೂ, ಪ್ರತಿ ತಲೆಮಾರಿನಲ್ಲೂ ನಡೆಯುತ್ತದೆ. ಅಡ್ಡಹೆಸರು ಗಂಡಿನ ಕಡೆಯಿಂದ ಬರುವುದರಿಂದ ಅದರಲ್ಲಿ ಅಜ್ಜಿಯ ಊರು ಎಲ್ಲಿಯೂ ಕಾಣುವುದಿಲ್ಲ. ಆದರೆ ಅಡುಗೆಯ ಪದ್ಧತಿ, ಕೌದಿ ಹೊಲಿಯುವ ಕೈವಾಡ, ಸೋಬಾನೆ ಹಾಡಿನ ಧಾಟಿ, ಕಸೂತಿಯ ಗೋಪುರ, ತುಳಸಿಕಟ್ಟೆಯ ನಮೂನೆಗಳು ಊರಿಂದೂರಿಗೆ ಹೋಗಿದ್ದು ಇವರ ಜೊತೆಗೇ. ಮನೆತನದ ದಾರಿ ಹುಡುಕುವವರು ತಂದೆಯ ಕಡೆಯ ಒಂದೇ ಗೆರೆ ಹಿಡಿದು ಹೋದರೆ ಅರ್ಧ ಕಥೆ ಕೈಬಿಟ್ಟುಹೋಗುತ್ತದೆ.

ಬೈಲಹೊಂಗಲದ ಸುತ್ತ ಎರೆಭೂಮಿ. ಹತ್ತಿ ಈ ಭೂಮಿಯ ಹಳೆಯ ಬೆಳೆ. ಹತ್ತಿ ಇದ್ದಲ್ಲಿ ನೂಲು, ನೂಲು ಇದ್ದಲ್ಲಿ ಮಗ್ಗ. ಬೈಲಹೊಂಗಲ, ದೇಶನೂರು, ಕಿತ್ತೂರುಗಳಲ್ಲಿ ಮಗ್ಗಗಳಿದ್ದುದನ್ನು ಬ್ರಿಟಿಷರ ಕಾಲದ ದಾಖಲೆಗಳು ಹೇಳುತ್ತವೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದೆ, ಧಾರವಾಡ–ಬೆಳಗಾವಿ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಒಕ್ಕಲಿಗನ ಕೈಗೆ ದುಡ್ಡು ಬಂತು, ಆದರೆ ನೇಕಾರನ ನೂಲು ತುಟ್ಟಿಯಾಯಿತು. ಒಂದೇ ಹತ್ತಿ ಒಬ್ಬನನ್ನು ಊರಲ್ಲಿ ನಿಲ್ಲಿಸುತ್ತದೆ, ಇನ್ನೊಬ್ಬನನ್ನು ಊರು ಬಿಡಿಸುತ್ತದೆ.

ಹತ್ತು ವರ್ಷ ಕಳೆದ ಮೇಲೆ 1876–78ರ ದೊಡ್ಡ ಬರ ಬಂತು. ಬರಗಾಲದಲ್ಲಿ ಮೊದಲು ಪೆಟ್ಟು ತಿನ್ನುವವರು ನೇಕಾರರು. ಕಾಳಿನ ಬೆಲೆ ಏರಿದ ಕೂಡಲೆ ಜನ ಬಟ್ಟೆ ಕೊಳ್ಳುವುದನ್ನು ನಿಲ್ಲಿಸುತ್ತಾರೆ. ಹರಿದದ್ದನ್ನೇ ಹೊಲಿದು ಉಡುತ್ತಾರೆ. ಇತ್ತ ಬಟ್ಟೆ ಮಾರಾಟವಾಗದು, ಅತ್ತ ಜೋಳ ಕೈಗೆ ಎಟುಕದು. ಹೊಲ ಇದ್ದವನು ಮಳೆಯ ದಾರಿ ಕಾಯಬಹುದು, ಮಗ್ಗ ಇದ್ದವನು ಕಾಯಲಾರ. ಹಾಗೆಯೇ ಹೊಲವನ್ನು ಹೊತ್ತುಕೊಂಡು ಹೋಗಲಾಗದು, ಮಗ್ಗವನ್ನು ಬಿಚ್ಚಿ ಗಾಡಿಗೆ ಹಾಕಬಹುದು. ಕುಣಿಮಗ್ಗಕ್ಕೆ ಬೇಕಾದ ಕುಣಿಯನ್ನು ಯಾವ ಊರಿನಲ್ಲಾದರೂ ತೋಡಬಹುದು. ನೇಕಾರರು ಇಷ್ಟು ಸುಲಭವಾಗಿ ವಲಸೆ ಹೋದದ್ದು ಅವರ ಸ್ವಭಾವದಿಂದಲ್ಲ, ಅವರ ಕಸುಬಿನ ಕಟ್ಟುಪಾಡಿನಿಂದ.

ಸೂಜಿಯ ಹಿಂದೆ ಹೋದವರು

ಕಸುಬಿನ ಬೆನ್ನು ಹತ್ತಿ ಊರು ಬಿಟ್ಟವರು ನಮ್ಮಲ್ಲಿ ಮಾತ್ರ ಇಲ್ಲ. ಕಸೂತಿಗೆ, ಕೌದಿಗೆ, ಅಂಗಿಗೆ ಬೇಕಾದ ಹೊಲಿಗೆ ಸೂಜಿಯ ಕಥೆಯೂ ಅಂಥದೇ. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಪ್ರಾಂತದಲ್ಲಿ ಲಾಂಗ್ ಕ್ರೆಂಡನ್ ಎಂಬ ಹಳ್ಳಿಯೊಂದಿದೆ. 16ನೆಯ ಶತಮಾನದಿಂದ ಅಲ್ಲಿ ಮನೆಮನೆಯಲ್ಲಿ ಕೈಯಿಂದ ಸೂಜಿ ಮಾಡುತ್ತಿದ್ದರು. ತಂತಿ ಕತ್ತರಿಸುವುದು, ನೆಟ್ಟಗೆ ಮಾಡುವುದು, ಮೊನೆ ತೆಗೆಯುವುದು, ಕಣ್ಣು ಕೊರೆಯುವುದು, ಉಜ್ಜಿ ಹೊಳಪಿಸುವುದು ಎಲ್ಲವೂ ಒಂದು ಮನೆಯ ಗಂಡಸರು, ಹೆಂಗಸರು, ಮಕ್ಕಳು ಹಂಚಿಕೊಂಡ ಕೆಲಸ.

ಅತ್ತ ವೂಸ್ಟರ್‌ಶೈರ್ ಪ್ರಾಂತದ ರೆಡ್ಡಿಚ್ ಊರಿನಲ್ಲಿ ನೀರಿನ ಚಕ್ರದಿಂದ, ಆಮೇಲೆ ಉಗಿಯಂತ್ರದಿಂದ ಸೂಜಿ ಮಾಡುವ ಕಾರ್ಖಾನೆಗಳು ಎದ್ದವು. 19ನೆಯ ಶತಮಾನದ ನಡುವಿನ ಹೊತ್ತಿಗೆ ಕೈಸೂಜಿ ಯಂತ್ರಸೂಜಿಯ ಬೆಲೆಗೆ ಸರಿಗಟ್ಟಲಾರದೆ ಹೋಯಿತು. 1860ರ ದಶಕದಲ್ಲಿ ಲಾಂಗ್ ಕ್ರೆಂಡನ್ನಿನ ಸೂಜಿಗಾರ ಕುಟುಂಬಗಳು ಗಂಟುಮೂಟೆ ಕಟ್ಟಿ ರೆಡ್ಡಿಚ್‌ಗೆ ಹೊರಟವು. ಜಗತ್ತಿನ ಸೂಜಿಯ ಬಹುಪಾಲು ರೆಡ್ಡಿಚ್ ಸುತ್ತಮುತ್ತಲೇ ತಯಾರಾಗುವ ಕಾಲ ಬಂತು. ಹೋದವರಿಗೆ ಕೂಲಿ ಸಿಕ್ಕಿತು, ಆದರೆ ಮೊನೆ ತೆಗೆಯುವ ಕೆಲಸಗಾರರ ಪುಪ್ಪುಸಕ್ಕೆ ಕಲ್ಲು–ಉಕ್ಕಿನ ಧೂಳು ಹೊಕ್ಕು ಅವರು ಎಳೆ ವಯಸ್ಸಿನಲ್ಲೇ ಸಾಯುತ್ತಿದ್ದರು. ಅಲ್ಲಿನ ಹಳೆಯ ಫೋರ್ಜ್ ಮಿಲ್ ಇಂದು ಸೂಜಿಯ ವಸ್ತುಸಂಗ್ರಹಾಲಯವಾಗಿದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಸೂಜಿಗಾರರ ಮರಿಮಕ್ಕಳು ಇಂದು ತಮ್ಮ ಹಿರಿಯರ ದಾರಿಯನ್ನು ಸಲೀಸಾಗಿ ಹುಡುಕುತ್ತಾರೆ. ಇಂಗ್ಲೆಂಡಿನ 1841ರ ಜನಗಣತಿಯಿಂದ ಮನೆಮಂದಿಯ ಹೆಸರುಗಳು ಉಳಿದಿವೆ. 1851ರ ಗಣತಿಯಲ್ಲಿ ಪ್ರತಿಯೊಬ್ಬರೂ ಹುಟ್ಟಿದ ಊರು ಯಾವುದೆಂದು ಬರೆದಿದೆ. ರೆಡ್ಡಿಚ್ ಬೀದಿಯ ಮನೆಯೊಂದರಲ್ಲಿ ತಂದೆ ಲಾಂಗ್ ಕ್ರೆಂಡನ್ನಿನಲ್ಲಿ ಹುಟ್ಟಿ, ಕಿರಿಮಗ ರೆಡ್ಡಿಚ್‌ನಲ್ಲಿ ಹುಟ್ಟಿದ್ದರೆ ಆ ಕುಟುಂಬ ಯಾವಾಗ ಬಂತೆಂದು ಲೆಕ್ಕ ಹಾಕಬಹುದು. ಚರ್ಚಿನ ಪುಸ್ತಕದಲ್ಲಿ ಮದುವೆ, ಮರಣಗಳೂ ಸಿಗುತ್ತವೆ.

ನಮ್ಮಲ್ಲಿ 1881ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ಕ್ರಮವಾಗಿ ನಡೆದು ಬಂದು 2011ರವರೆಗೆ ತಪ್ಪಲಿಲ್ಲ. ಆದರೆ ಅದರ ಗ್ರಂಥಗಳಲ್ಲಿ ಸಿಗುವುದು ಅಂಕಿಗಳು, ಹೆಸರುಗಳಲ್ಲ. ತಾಲೂಕಿನಲ್ಲಿ ಎಷ್ಟು ಮಂದಿ ನೇಕಾರರಿದ್ದರೆಂದು ತಿಳಿಯಬಹುದು, ಯಾರ ಮುತ್ತಜ್ಜ ಎಲ್ಲಿಂದ ಬಂದನೆಂದು ತಿಳಿಯದು. ಹಾಗಾದರೆ ನಮ್ಮ ಜನ ಈ ನೆನಪನ್ನು ಎಲ್ಲಿ ಇಟ್ಟರು? ಉತ್ತರ ಸವದತ್ತಿಯ ದಾರಿಯಲ್ಲಿದೆ.

ದೇವರ ಗುಡಿಯೇ ದಾಖಲೆ

ಸವದತ್ತಿಗೆ ಹಳೆಯ ಹೆಸರು ಸುಗಂಧವರ್ತಿ. ರಟ್ಟರು ಇಲ್ಲಿಂದ ಆಳಿ 13ನೆಯ ಶತಮಾನದ ಆರಂಭದ ಹೊತ್ತಿಗೆ ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ ಸಾಗಿಸಿದರು. ರಾಜಧಾನಿಗಳೂ ವಲಸೆ ಹೋಗುತ್ತವೆ. ಊರಿನ ಕೋಟೆ 18ನೆಯ ಶತಮಾನದ್ದು, ಶಿರಸಂಗಿ ದೇಸಾಯರ ಕಾಲದ್ದು. ಊರಿನಿಂದ ಕೆಲವೇ ಕಿಲೋಮೀಟರು ದೂರದ ಗುಡ್ಡದ ಮೇಲೆ ಎಲ್ಲಮ್ಮ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಬರುವ ಜನರಲ್ಲಿ ಕರ್ನಾಟಕದವರ ಜೊತೆ ಮಹಾರಾಷ್ಟ್ರದವರು, ಗೋವೆಯವರು, ಆಂಧ್ರ–ತೆಲಂಗಾಣದವರು ಸೇರಿರುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಎಲ್ಲಮ್ಮ ಮನೆದೇವರು. ಮನೆಯಲ್ಲಿ ಮರಾಠಿ ಮಾತಾಡುತ್ತ, ಹಳೆಯ ಊರಿನ ಹೆಸರನ್ನೂ ಮರೆತ ಕುಟುಂಬ ಮನೆದೇವರನ್ನು ಮಾತ್ರ ಮರೆತಿರುವುದಿಲ್ಲ. ಮಗುವಿನ ಜವಳ, ಮದುವೆಯ ಮೊದಲ ಅಕ್ಕಿಕಾಳು, ಹೊಸ ಬೆಳೆಯ ನೈವೇದ್ಯ ಇವು ಮುಟ್ಟಬೇಕಾದ್ದು ಮನೆದೇವರಿಗೆ. ಬಾಡಿಗೆ ಮನೆ ಬದಲಾಯಿಸಬಹುದು, ಭಾಷೆ ಬದಲಾಯಿಸಬಹುದು, ಮನೆದೇವರನ್ನು ಬದಲಾಯಿಸುವುದು ಅಪರೂಪ. ಹೀಗಾಗಿ ಒಂದು ಕುಟುಂಬ ಎಲ್ಲಿಂದ ಹೊರಟಿತು ಎಂಬುದಕ್ಕೆ ಮನೆದೇವರು ಒಂದು ಗುರುತುಕಲ್ಲು.

ಸವದತ್ತಿ ತಾಲೂಕಿನದೇ ಆದ ಶಿರಸಂಗಿಯ ಕಾಳಮ್ಮ ಇದಕ್ಕೆ ಇನ್ನೊಂದು ಉದಾಹರಣೆ. ಕಮ್ಮಾರ, ಬಡಿಗೇರ, ಕಂಚುಗಾರ, ಶಿಲ್ಪಿ, ಪತ್ತಾರ ಎಂಬ ಐದು ಕಸುಬಿನ ವಿಶ್ವಕರ್ಮ ಕುಟುಂಬಗಳು ನಾಡಿನ ಎಲ್ಲಿಯೇ ನೆಲೆಸಿರಲಿ, ಶಿರಸಂಗಿ ಕಾಳಿಕಾದೇವಿಗೆ ನಡೆದುಕೊಳ್ಳುತ್ತಾರೆ. ಇವರು ಇಷ್ಟು ಚದುರಿ ಹೋದದ್ದಕ್ಕೆ ಕಾರಣ ಹಳ್ಳಿಯ ಆಯದ ಪದ್ಧತಿಯಲ್ಲೇ ಇದೆ. ಕುಳ, ಕುಡಗೋಲು, ಕುರ್ಪಿ ಹಣಿದುಕೊಟ್ಟ ಕಮ್ಮಾರನಿಗೆ ಸುಗ್ಗಿಯಲ್ಲಿ ಹೊಲಕ್ಕೆ ಇಷ್ಟೆಂದು ಕಾಳು ಬರುತ್ತಿತ್ತು. ಸಣ್ಣ ಹಳ್ಳಿಯ ಆಯ ಒಂದು ಕುಲುಮೆಗೆ ಸಾಕು, ಎರಡಕ್ಕೆ ಸಾಲದು. ಕಮ್ಮಾರನಿಗೆ ಮೂವರು ಗಂಡುಮಕ್ಕಳಿದ್ದರೆ ಒಬ್ಬ ಊರಲ್ಲಿ ಉಳಿಯಬೇಕು, ಇಬ್ಬರು ಕುಲುಮೆ ಇಲ್ಲದ ಹಳ್ಳಿ ಹುಡುಕಬೇಕು. ಹೀಗೆ ಬರವೂ ಇಲ್ಲದೆ, ಯುದ್ಧವೂ ಇಲ್ಲದೆ, ತಲೆಮಾರಿಗೊಮ್ಮೆ ಕುಟುಂಬ ಒಡೆದು ಊರೂರಿಗೆ ಹಂಚಿಹೋಯಿತು. ಜ್ಞಾನಪೀಠ ಪುರಸ್ಕೃತ ಚಂದ್ರಶೇಖರ ಕಂಬಾರರ ಹೆಸರಿನಲ್ಲಿ ಇಂದಿಗೂ ಇರುವುದು ಆ ಕುಲುಮೆಯೇ.

ನೇಕಾರರಿಗೂ ಇಂಥ ಗುರುತುಗಳಿವೆ. ಬಾದಾಮಿಯ ಬನಶಂಕರಿಗೆ ನಡೆದುಕೊಳ್ಳುವವರು ದೇವಾಂಗದವರು. ಮಾರ್ಕಂಡೇಯನನ್ನು ಮೂಲಪುರುಷನೆನ್ನುವವರು ಪದ್ಮಸಾಲಿಗಳು, ಜಿಹ್ವೇಶ್ವರನನ್ನು ನೆನೆಯುವವರು ಸ್ವಕುಳಸಾಲಿಗಳು, ನೀಲಕಂಠೇಶ್ವರನನ್ನು ಪೂಜಿಸುವವರು ಕುರುಹಿನಶೆಟ್ಟಿಗಳು. ಓಣಿಯೊಂದರಲ್ಲಿ ಯಾವ ಗುಡಿ ಇದೆ ಎಂದು ನೋಡಿದರೆ ಅಲ್ಲಿ ಯಾರು ಬಂದು ನೆಲೆಸಿದರೆಂದು ಊಹಿಸಬಹುದು. ಗುಡಿ ಕಟ್ಟಿದ ವರ್ಷ ಕಲ್ಲಿನ ಮೇಲಿದ್ದರೆ, ಯಾವಾಗ ಬಲಿತರೆಂದೂ ತಿಳಿಯಬಹುದು.

ಶಿರಸಂಗಿಯ ಹೆಸರು ಬಂದಾಗ ಲಿಂಗರಾಜ ದೇಸಾಯರನ್ನು ನೆನೆಯದಿರಲಾಗದು. ದತ್ತು ಮಗನಾಗಿ ಹೊರಗಿನಿಂದ ಶಿರಸಂಗಿಗೆ ಬಂದ ಅವರು 1906ರಲ್ಲಿ ತೀರಿಕೊಳ್ಳುವ ಮುನ್ನ ಆಸ್ತಿಯನ್ನು ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಓದಿಗಾಗಿ ಊರು ಬಿಡುವ ಹೊಸ ಬಗೆಯ ವಲಸೆ ಈ ಸೀಮೆಯಲ್ಲಿ ಬಲಗೊಂಡದ್ದು ಇಂಥ ದಾನಗಳಿಂದ.

ಇನ್ನು ನೀರಿಗಾಗಿ ಊರು ಬಿಟ್ಟವರೂ ಇಲ್ಲಿದ್ದಾರೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ 1970ರ ದಶಕದ ಆರಂಭದಲ್ಲಿ ನೀರು ನಿಲ್ಲಿಸಿದಾಗ ಹಿನ್ನೀರಿನ ಹಳ್ಳಿಗಳು ಜಾಗ ಬಿಟ್ಟವು. ರೇಣುಕಾಸಾಗರದ ನೀರು ಧಾರವಾಡ, ಗದಗ, ಬಾಗಲಕೋಟೆ ಕಡೆಯ ಹೊಲಗಳಿಗೆ ಹರಿಯಿತು. ಮುಳುಗಿದ ಹಳ್ಳಿಯ ಮೂಲ ಜಾಗವನ್ನು ಮಗುವಿಗೆ ತೋರಿಸಬೇಕೆಂದರೆ ಬೇಸಿಗೆಯಲ್ಲಿ ನೀರು ಇಳಿಯುವ ತನಕ ಕಾಯಬೇಕು.

ಹೆಳವನ ಹೊತ್ತಗೆ

ಗುಡಿ ಹೇಳದ ಸಂಗತಿಯನ್ನು ಹೇಳುವವರು ಹೆಳವರು. ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳಲ್ಲಿ ಹಳೆಯ ಕಾಲದಿಂದ ಮನೆತನಗಳ ವಂಶಾವಳಿ ಹೇಳುತ್ತ ಬಂದವರು ಇವರು. ಹೆಳವ ಎಂದರೆ ಕುಂಟ. ಕಾಲಿಲ್ಲದ ಹಿರಿಯನೊಬ್ಬನಿಗೆ ಬಸವಣ್ಣನವರು ಎತ್ತು ಕೊಟ್ಟು, ಮನೆತನಗಳ ಹೆಸರು ಹೇಳಿ ಬದುಕು ಎಂದರೆಂಬುದು ಅವರಲ್ಲಿ ನಡೆದುಬಂದ ಐತಿಹ್ಯ. ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಅವರು ಊರಿಗೆ ಬರುತ್ತಿದ್ದ ಚಿತ್ರವನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ತನ್ನ ಜಾತಿ–ಬುಡಕಟ್ಟುಗಳ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಾನೆ. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಮನೆತನ ಎಂದು ಅವರೊಳಗೇ ಹಂಚಿಕೆ. ಮನೆಯ ಮುಂದೆ ನಿಂತು ಅವನು ಮೂಲಪುರುಷನಿಂದ ಆರಂಭಿಸುತ್ತಾನೆ. ಬೆಡಗು ಯಾವುದು, ಮನೆದೇವರು ಯಾವುದು, ಮೊದಲು ಯಾವ ಊರಲ್ಲಿದ್ದರು, ಯಾಕೆ ಬಿಟ್ಟರು, ಅಲ್ಲಿಂದ ಯಾವ ಊರಿಗೆ ಬಂದರು, ಯಾರಿಗೆ ಎಷ್ಟು ಮಂದಿ ಮಕ್ಕಳು ಎಂದು ಸರಾಗವಾಗಿ ಹೇಳುತ್ತ ಇಂದಿನವರೆಗೆ ಬರುತ್ತಾನೆ. ಕಳೆದ ಸಲ ಬಂದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಕೇಳಿ ಪುಸ್ತಕಕ್ಕೆ ಸೇರಿಸುತ್ತಾನೆ. ಮನೆಯವರು ಕಾಳು, ಬಟ್ಟೆ, ಪಾತ್ರೆ, ದುಡ್ಡು, ಉಳ್ಳವರಾದರೆ ಆಕಳು ಕೊಟ್ಟು ಕಳಿಸುತ್ತಾರೆ.

ಇಂಗ್ಲೆಂಡಿನ ಸರಕಾರ ಗಣತಿಯವರನ್ನು ಕಳಿಸಿ ಬರೆಸಿದ್ದನ್ನು ಇಲ್ಲಿ ಒಂದು ಸಮುದಾಯ ಹೊಟ್ಟೆಪಾಡಿಗಾಗಿ, ನಡೆದಾಡುತ್ತಲೇ, ಮಾಡಿಕೊಂಡು ಬಂತು. ಕೊರತೆಗಳೂ ಇವೆ. ಹೆಳವರ ನಂಟು ಹೆಚ್ಚಾಗಿ ಒಕ್ಕಲುತನದ, ಕುರಿ ಕಾಯುವ ಮನೆತನಗಳ ಜೊತೆ. ಬರೆಯುವುದು ಹೆಚ್ಚಾಗಿ ಗಂಡುಸಂತಾನದ ಹೆಸರು. ಮೂಲಪುರುಷನ ಕಾಲಕ್ಕೆ ಹೋದಂತೆ ಕಥೆ ಪುರಾಣದ ಬಣ್ಣ ತಳೆಯುತ್ತದೆ. ಆದರೂ ನಾಲ್ಕೈದು ತಲೆಮಾರಿನ ಮಟ್ಟಿಗೆ ಹೆಳವನ ಹೊತ್ತಗೆಗೆ ಸಾಟಿಯಾದ ದಾಖಲೆ ಹಳ್ಳಿಯ ಸಾಮಾನ್ಯ ಮನೆತನಕ್ಕೆ ಬೇರೆ ಇಲ್ಲ.

ಈಗ ಎತ್ತಿನ ಬದಲು ಬಸ್ಸು, ಮೋಟಾರು ಸೈಕಲ್ಲು ಬಂದಿವೆ. ಹಳ್ಳಿಯ ಮನೆಗಳಿಗೆ ಬೀಗ ಬಿದ್ದಿರುವುದರಿಂದ ಹೆಳವನಿಗೆ ಉತ್ತರ ಹೇಳುವವರು ಕಡಿಮೆಯಾಗಿದ್ದಾರೆ. ಇನ್ನೊಂದು ಕಡೆ, ಊರೂರು ಅಲೆಯುವ ಈ ಕಸುಬಿನಿಂದಾಗಿ ಹೆಳವರ ಮಕ್ಕಳ ಓದು ಮೊದಲಿನಿಂದಲೂ ಕುಂಟುತ್ತ ಬಂದಿದೆ. ಆ ಮಕ್ಕಳು ಶಾಲೆಯಲ್ಲಿ ನಿಲ್ಲಬೇಕು, ನೌಕರಿ ಹಿಡಿಯಬೇಕು ಎಂಬುದು ನ್ಯಾಯವಾದ ಬಯಕೆ. ಆದರೆ ಮಗ ಬೇರೆ ಕೆಲಸ ಹಿಡಿದ ದಿನ ಅಪ್ಪನ ಪುಸ್ತಕ ಪೆಟ್ಟಿಗೆ ಸೇರುತ್ತದೆ. ಗೆದ್ದಲು ಹತ್ತಿದರೆ ಹೋಗುವುದು ಒಂದು ಮನೆಯ ಕಾಗದವಲ್ಲ, ನೂರಾರು ಮನೆತನಗಳ ನೆನಪು. ಹೆಳವರ ಮಕ್ಕಳು ಓದಲೂಬೇಕು, ಪುಸ್ತಕಗಳು ಉಳಿಯಲೂಬೇಕು ಎಂದಾದರೆ ಆ ಹೊರೆಯನ್ನು ಗ್ರಂಥಾಲಯಗಳು, ವಿಶ್ವವಿದ್ಯಾಲಯಗಳು, ಆ ಪುಸ್ತಕದಲ್ಲಿ ಹೆಸರಿರುವ ಮನೆತನಗಳು ಹೊರಬೇಕಾಗುತ್ತದೆ.

ನದಿಯ ದಂಡೆಯ ಮಗ್ಗಗಳು

ಕೊನೆಯ ಊರು ರಾಮದುರ್ಗ. ಮಲಪ್ರಭೆಯ ದಂಡೆಯ ಈ ಊರು 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಆ ಮನೆತನವೂ ಕೊಂಕಣದ ಮೂಲದ್ದು, ಮರಾಠರ ಆಳ್ವಿಕೆಯ ಜೊತೆ ಘಟ್ಟ ಹತ್ತಿ ಬಂದದ್ದು. 1858ರಲ್ಲಿ ಬಂಡೆದ್ದು ಗಲ್ಲಿಗೇರಿದ ನರಗುಂದದ ಬಾಬಾಸಾಹೇಬ ಇದೇ ಮನೆತನದ ಇನ್ನೊಂದು ಕವಲಿನವನು.

ರಾಮದುರ್ಗ, ಸುರೇಬಾನಗಳು ನೇಕಾರರ ಊರುಗಳು. ಮಗ್ಗ ಎಂದರೆ ಅದು ಒಬ್ಬನ ಕೆಲಸವಲ್ಲ. ಗಂಡಸು ಲಾಳಿ ಹೊಡೆಯುವಾಗ ಮನೆಯ ಹೆಂಗಸು ಕಂಡಿಕೆ ಸುತ್ತಬೇಕು, ಹಿರಿಯರು ಹಾಸಿನ ಎಳೆ ಜೋಡಿಸಬೇಕು. ಸಾವುಕಾರ ನೂಲು ಕೊಡುತ್ತಾನೆ, ಬಟ್ಟೆ ಒಯ್ಯುತ್ತಾನೆ, ಮಜೂರಿ ಕೊಡುತ್ತಾನೆ. ಮಜೂರಿ ಮನೆಮಂದಿಗೆಲ್ಲ ಸೇರಿ ಬರುವುದರಿಂದ ಒಬ್ಬೊಬ್ಬರ ದುಡಿಮೆಯ ಬೆಲೆ ಎಷ್ಟೆಂದು ಬಿಡಿಸಿ ಹೇಳುವುದೇ ಕಷ್ಟ. 1975ರಲ್ಲಿ ಹುಟ್ಟಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸಾವುಕಾರನ ಬದಲು ತಾನೇ ನೂಲು ಕೊಟ್ಟು ಬಟ್ಟೆ ಕೊಳ್ಳುವ ವ್ಯವಸ್ಥೆ ಮಾಡಿತು. 2020ರಲ್ಲಿ ನೇಕಾರ ಸಮ್ಮಾನ ಯೋಜನೆಯಡಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ನೆರವು ಆರಂಭವಾಗಿ, 2022ರಲ್ಲಿ ಅದು 5,000 ರೂಪಾಯಿಗೆ ಏರಿತು.

ಲಾಂಗ್ ಕ್ರೆಂಡನ್ನಿನವರಿಗೆ ರೆಡ್ಡಿಚ್ ಇದ್ದಂತೆ ಈ ನಾಡಿನ ನೇಕಾರರಿಗೆ ಇಚಲಕರಂಜಿ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಕಂಡ ಆ ಊರು ಮಹಾರಾಷ್ಟ್ರದ ದೊಡ್ಡ ಜವಳಿ ಪೇಟೆಯಾಗಿ ಬೆಳೆದಂತೆ ಉತ್ತರ ಕರ್ನಾಟಕದ ನೇಕಾರ ಕುಟುಂಬಗಳು ಅಲ್ಲಿ ನೆಲೆಸಿದವು. ಸೊಲ್ಲಾಪುರದಲ್ಲೂ ಕನ್ನಡದ ನೇಕಾರರಿದ್ದಾರೆ. ಬೆಳಗಾವಿಯ ವಡಗಾವಿ, ಖಾಸಬಾಗ ಭಾಗಗಳೂ ಮಗ್ಗದ ಸದ್ದಿನ ಓಣಿಗಳೇ. ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ಹೋದವನಿಗೆ ಕೂಲಿ ಕಟ್ಟಾಗಿ ಬರುತ್ತದೆ, ಆದರೆ ಮಗ್ಗ ಅವನದಾಗಿರುವುದಿಲ್ಲ. ಅಜ್ಜ ಮಗ್ಗದ ಒಡೆಯ, ಮೊಮ್ಮಗ ಪಾಳಿಯ ಕೂಲಿಕಾರ. ಎಷ್ಟೋ ನೇಕಾರ ಮನೆಗಳ ಕಥೆ ಹೀಗೇ ಸಾಗಿದೆ.

ಊರು ಬಿಡಲು ಇನ್ನೊಂದು ಕಾರಣ 2019ರ ಆಗಸ್ಟಿನಲ್ಲಿ ಬಂತು. ನವಿಲುತೀರ್ಥದಿಂದ ಹರಿದ ನೀರು ಮಲಪ್ರಭೆಯ ದಂಡೆ ಮೀರಿ ರಾಮದುರ್ಗ ತಾಲೂಕಿನ ಮನೆಗಳಿಗೆ ನುಗ್ಗಿತು. ಪ್ರವಾಹ ಎಲ್ಲ ಮನೆಗೂ ಹಾನಿ ಮಾಡುತ್ತದೆ, ಆದರೆ ಕುಣಿಮಗ್ಗದ ಮನೆಯಲ್ಲಿ ನೀರು ಮೊದಲು ತುಂಬುವುದೇ ಮಗ್ಗದ ಕುಣಿಗೆ. ಹಾಸು ನೆನೆಯುತ್ತದೆ, ಮಗ್ಗದ ಮರ ಉಬ್ಬುತ್ತದೆ, ಸಾವುಕಾರನ ನೂಲು ಕೆಸರಾಗುತ್ತದೆ, ನೂಲಿನ ಸಾಲ ಮಾತ್ರ ಉಳಿಯುತ್ತದೆ. ಗೋಡೆ ಬಿದ್ದ ಮನೆಯನ್ನು ಮತ್ತೆ ಕಟ್ಟುವಾಗ ಮನೆಯವರ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಮಗ್ಗದ ಕುಣಿಯನ್ನು ಮತ್ತೆ ತೋಡಬೇಕೋ, ನೆಲಕ್ಕೆ ಫರಸಿ ಹಾಕಿಬಿಡಬೇಕೋ? ಫರಸಿ ಹಾಕಿದ ಮನೆಯ ಮಕ್ಕಳು ನೇಕಾರರಾಗುವುದಿಲ್ಲ.

ಮನೆಯಿಂದಲೇ ಆರಂಭ

ಮನೆತನದ ದಾರಿ ಹುಡುಕಲು ವಿದ್ಯಾರ್ಥಿಗಳಿಗೆ ಬೇಕಾದ್ದು ಒಂದು ನೋಟುಪುಸ್ತಕ ಮತ್ತು ಒಂದು ರಜೆ. ಮೊದಲು ಅಜ್ಜ, ಅಜ್ಜಿಯರನ್ನು ಬೇರೆಬೇರೆಯಾಗಿ ಕೇಳಬೇಕು. ಅಡ್ಡಹೆಸರು ಯಾವಾಗಿನಿಂದ ಇದೆ, ಅದಕ್ಕೆ ಮೊದಲು ಯಾವುದಿತ್ತು? ಮನೆದೇವರು ಯಾವ ಊರಿನದು? ಅಜ್ಜಿಯ ತವರು ಯಾವುದು, ಆಕೆಯ ತಾಯಿಯ ತವರು ಯಾವುದು? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲವಾದ್ದರಿಂದ ಅದಕ್ಕೇ ಹೆಚ್ಚಿನ ಉತ್ತರ ಸಿಗುತ್ತದೆ.

ಎರಡನೆಯದು ಕಾಗದಪತ್ರ. ಹಳೆಯ ಲಗ್ನಪತ್ರಿಕೆ, ಹೊಲದ ಉತಾರ, ಅಜ್ಜ ಕಲಿತ ಶಾಲೆಯ ದಾಖಲಾತಿ ರಜಿಸ್ಟರು, ಜನನ–ಮರಣ ನೋಂದಣಿ ಇವೆಲ್ಲ ದಾರಿ ತೋರುತ್ತವೆ. ಹುಡುಕುವಾಗ ಹಳೆಯ ಹೆಸರುಗಳು ಗೊತ್ತಿರಬೇಕು. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಬೈಲಹೊಂಗಲ, ಕಿತ್ತೂರುಗಳು ಸಂಪಗಾವಿ ತಾಲೂಕಿನೊಳಗೆ, ಸವದತ್ತಿ ಪರಸಗಡ ತಾಲೂಕಿನೊಳಗೆ ಸಿಗುತ್ತವೆ. ರಾಮದುರ್ಗ ಬೇರೆ ಸಂಸ್ಥಾನವಾದ್ದರಿಂದ ಬೆಳಗಾವಿ ಜಿಲ್ಲೆಯ ಪಟ್ಟಿಯಲ್ಲಿ ಅದು ಸಿಗುವುದಿಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಭಾಗ ಮುಂಬಯಿ ಸರಕಾರದ ಕೆಳಗಿತ್ತು. ಅಟ್ಟದ ಮೇಲಿನ ಕಾಗದದ ಅಕ್ಷರ ಓದಲು ಬಾರದಿದ್ದರೆ ಅದು ಮೋಡಿ ಲಿಪಿ ಇರಬಹುದು. ರದ್ದಿಗೆ ಹಾಕದೆ ಓದಬಲ್ಲವರಿಗೆ ತೋರಿಸಬೇಕು.

ತಂದೆತಾಯಿಗಳು ಮಾಡಬೇಕಾದ ಕೆಲಸವೂ ಒಂದಿದೆ. ಶಾಲೆಗೆ ಹೆಸರು ಹಚ್ಚುವಾಗ ಕಮ್ಮಾರ, ಬಡಿಗೇರ, ನೇಕಾರ ಎಂಬ ಅಡ್ಡಹೆಸರು ಹಳ್ಳಿಯದೆಂದು ನಾಚಿ ಬಿಟ್ಟುಬಿಡುವುದು, ಇಲ್ಲವೆ ಊರಿನ ಹೆಸರನ್ನು ಒಂದು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವುದು ಪೇಟೆಗಳಲ್ಲಿ ಕಾಣುತ್ತದೆ. ‘ಕೆ’ ಎಂದರೆ ಕಿತ್ತೂರೋ, ಕಮ್ಮಾರನೋ, ಕಾಕತಿಯೋ ಎಂದು ಮುಂದಿನ ತಲೆಮಾರಿಗೆ ತಿಳಿಯುವುದಿಲ್ಲ. ಇಡುವ ಹೆಸರು ಯಾವುದೇ ಇರಲಿ, ಮನೆತನ ನಡೆದುಬಂದ ಊರುಗಳನ್ನು, ಅಜ್ಜಿಯರ ತವರುಗಳನ್ನು ಸೇರಿಸಿ, ಒಂದು ಹಾಳೆಯ ಮೇಲೆ ಬರೆದು ಮನೆಯಲ್ಲಿಟ್ಟರೆ ಸಾಕು. ಹೆಳವ ಬಾಗಿಲಿಗೆ ಬಂದರೆ ಆ ಹಾಳೆಯನ್ನು ಅವನ ಪುಸ್ತಕದ ಜೊತೆ ತಾಳೆ ನೋಡಬಹುದು. ಅವನ ಪುಸ್ತಕದಲ್ಲಿ ಮಗನ ಹೆಸರಿನ ಜೊತೆಗೆ ಮಗಳ ಹೆಸರನ್ನೂ ಬರೆಸಬಹುದು.